ದೇವಮ್ಮಜ್ಜಿಗೆ ಬಂದದ್ದು ಗ್ಯಾಸ್ ಅಲ್ಲ

ಕಡಬದ ಬೆಳ್ಯಪ್ಪ ಗೌಡರ ಮನೆಯಲ್ಲಿ ಅಂದು ಹಿರಿಯರಿಗೆ ಅಗೆಲು. ತೀರಿಹೋದವರ ಹೆಸರಿನಲ್ಲಿ ಬಾಳೆಲೆ ಹಾಕಿ, ರೊಟ್ಟಿ, ಕೋಳಿಸಾರು ಬಡಿಸಿ ಕೈಮುಗಿಯುವ ದಿನ. ಹಿರಿಯರ ಊಟ ಸಂಜೆಗೆ. ಅದಕ್ಕೆ ಬೆಳಕು ಹರಿಯುವ ಮೊದಲೇ ಎದ್ದವಳು ಬೆಳ್ಯಪ್ಪರ ಹೆಂಡತಿ ಪ್ರೇಮಾವತಿ. ಮನೆ ತುಂಬ ನೆಂಟರು, ಒಲೆಯ ಮುಂದೆ ಅವಳೊಬ್ಬಳು. ಗಂಡಸರು ಎಂತ ಮಾಡುತ್ತಿದ್ದರು ಎಂದು ಕೇಳಬೇಡಿ. ಜಗಲಿಯಲ್ಲಿ ಎಲೆ ಅಡಿಕೆ ಹಾಕಿಕೊಂಡು ಮನೆಯ ಹೆಂಗಸರನ್ನು ಹೊಗಳುತ್ತಿದ್ದರು.

ಮಧ್ಯಾಹ್ನದ ಹೊತ್ತಿಗೆ ಪ್ರೇಮಾವತಿಯ ಎದೆ ಬಿಗಿಯಿತು. ಬೆನ್ನಿನ ನಡುವೆ ಯಾರೋ ಮೊಣಕಾಲೂರಿ ಒತ್ತಿದ ಹಾಗೆ. ದವಡೆ ಜಗ್ಗುತ್ತಿತ್ತು, ಹೊಟ್ಟೆ ತೊಳಸುತ್ತಿತ್ತು. ಒಲೆ ಬಿಟ್ಟು ದೂರ ಬಂದು ಕೂತರೂ ತಣ್ಣನೆ ಬೆವರು ನಿಲ್ಲಲಿಲ್ಲ. ಅವಳಿಗೆ ಹೆದರಿಕೆಯಾಯಿತು. ಗೋಡೆ ಹಿಡಿದು ಜಗಲಿಗೆ ಬಂದಳು.

"ನನಗೆ ಎಂತದೋ ಆಗ್ತಾ ಉಂಟು. ಎದೆ ಒತ್ತುತ್ತದೆ. ಆಸ್ಪತ್ರೆಗೆ ಹೋಗುವನಾ?"

"ಅದು ಗ್ಯಾಸ್ ಮಾರಾಯ್ತಿ," ಎಂದರು ಬೆಳ್ಯಪ್ಪ. "ಬೆಳಗ್ಗಿನಿಂದ ಹೊಟ್ಟೆಗೆ ಎಂತದೂ ಹಾಕ್ಲಿಲ್ಲ ಅಲ್ವಾ? ಜೀರಿಗೆ ಕಷಾಯ ಮಾಡಿ ಕುಡಿ, ಸರಿಯಾಗ್ತದೆ."

ಆ ಕಷಾಯವನ್ನೂ ಅವಳೇ ಮಾಡಿಕೊಳ್ಳಬೇಕು, ನೋಡಿ. ಬೆಳ್ಯಪ್ಪ ಕೆಟ್ಟವರಲ್ಲ. ಹೆಂಡತಿಯ ಮೇಲೆ ಒಂದು ದಿನವೂ ಕೈ ಎತ್ತಿದವರಲ್ಲ. ಒಳ್ಳೆಯವರೂ ಹೀಗೇ ಹೇಳುತ್ತಾರೆ, ಅದೇ ಸಿಟ್ಟು ಬರಿಸುವ ಸಂಗತಿ.

ಅವರು ನೆಂಟರ ಕಡೆ ತಿರುಗಿ ಮಾತು ಮುಂದುವರಿಸಿದರು. "ನಮ್ಮ ಮನೆ ಹೆಂಗಸರು ಗಟ್ಟಿ. ಬ್ರಿಟಿಷರ ಮೇಲೆ ಎದ್ದ ಕಾಟಕಾಯಿ ದಂಗೆಯ ಕಾಲದಲ್ಲಿ ಗಂಡಸರು ಮನೆಬಿಟ್ಟು ಹೋದಾಗ ಬೇಸಾಯ ನಿಲ್ಲಿಸದವರು. ನಮ್ಮ ಅಪ್ಪನ ಅಮ್ಮ ದೇವಮ್ಮಜ್ಜಿಯನ್ನೇ ನೋಡಿ. ಎದೆನೋವು ಇಟ್ಟುಕೊಂಡೇ ಇದೇ ಅಗೆಲಿನ ಅಡುಗೆ ಮುಗಿಸಿ, ಎಲ್ಲರಿಗೂ ಬಡಿಸಿ, ಗೋಡೆಗೆ ಒರಗಿ ಕಣ್ಣು ಮುಚ್ಚಿದ್ರು. ಒಂದು ಮಾತು ಹೇಳ್ಲಿಲ್ಲ. ಶಕ್ತಿ ಅಂದ್ರೆ ಅದು."

ಮದುವೆಯಾಗಿ ಬಂದಂದಿನಿಂದ ಪ್ರೇಮಾವತಿ ಈ ಕಥೆ ಕೇಳುತ್ತ ಬಂದಿದ್ದಾಳೆ, ಪ್ರತಿ ಸಲವೂ ಹೆಮ್ಮೆಪಟ್ಟಿದ್ದಾಳೆ. ಇವತ್ತು ಗೋಡೆಗೆ ಒರಗಿ ನಿಂತದ್ದು ಅವಳೇ.

ಅಷ್ಟರಲ್ಲಿ ಅಡುಗೆಗೆ ಬೇಕಾದ ದೊಡ್ಡ ಪಾತ್ರೆ ಹಿಡಿದು ಡೈಸಿ ಹಿಂಬಾಗಿಲಿನಿಂದ ಜಗಲಿಗೆ ಬಂದಳು. ಪಕ್ಕದ ರಬ್ಬರ್ ತೋಟದವಳು, ಸ್ವಸಹಾಯ ಸಂಘದಲ್ಲಿ ಪ್ರೇಮಾವತಿಯ ಜೊತೆಗಾರ್ತಿ. ಗೆಳತಿಯ ಮುಖ ನೋಡಿದವಳೇ ಪಾತ್ರೆ ಕೆಳಗಿಟ್ಟಳು.

"ಪ್ರೇಮಕ್ಕ, ಬೆನ್ನು ನೋಯ್ತದಾ? ದವಡೆ?"

"ಎರಡೂ. ಗ್ಯಾಸ್ ಅಂತೆ."

"ಗ್ಯಾಸ್ ಅಂತ ಹೇಳಿದ ಡಾಕ್ಟರ್ ಯಾರು?" ಡೈಸಿ ಇಡೀ ಜಗಲಿಗೆ ಕೇಳುವ ಹಾಗೆ ಹೇಳಿದಳು. "ಸಂಘಕ್ಕೆ ಬಂದ ನರ್ಸ್ ಹೇಳಿದ್ದು ಮರೆತುಹೋಯ್ತಾ? ಹೆಂಗಸರಿಗೆ ಹಾರ್ಟ್ ಅಟ್ಯಾಕ್ ಆದ್ರೆ ಎದೆ ಹಿಡ್ಕೊಂಡು ಬೀಳ್ಲೇಬೇಕು ಅಂತ ಇಲ್ಲ. ಹೀಗೂ ಬರ್ತದೆ. ನಾನು ಆಂಬುಲೆನ್ಸಿಗೆ ಫೋನ್ ಮಾಡುದು."

"ನೀವು ಸುಮ್ನೆ ಹೆದರಿಸ್ಬೇಡಿ," ಎಂದರು ಬೆಳ್ಯಪ್ಪ. "ಅಗೆಲು ತಪ್ಪಿದ್ರೆ ಹಿರಿಯರು ಬಿಡ್ತಾರಾ? ಸಂಜೆದು ಒಂದು ಮುಗೀಲಿ. ನಾಳೆ ನಾನೇ ಕರ್ಕೊಂಡು ಹೋಗ್ತೇನೆ."

ಪ್ರೇಮಾವತಿಗೆ ಎಲ್ಲಿತ್ತೋ ಆ ಸಿಟ್ಟು.

"ದೇವಮ್ಮಜ್ಜಿಗೂ ನಾಳೆ ಅಂತಲೇ ಹೇಳಿದ್ದಾ?"

ಅವಳು ಗೋಡೆ ಹಿಡಿದೇ ಗಂಡನ ಎದುರಿಗೆ ಬಂದಳು.

"ಒಂದು ಮಾತು ಹೇಳ್ಲಿಲ್ಲ ಅಂತೀರಿ. ಹೇಳಿರ್ತಾರೆ, ನಾನು ಈಗ ಹೇಳಿದ ಹಾಗೆ. ಕೇಳಿದವರು ಕಷಾಯ ಕುಡಿ ಅಂದಿರ್ತಾರೆ. ಸತ್ತ ಮೇಲೆ ಎಲೆ ಹಾಕಿ ಕೋಳಿ ಬಡಿಸಿದ್ರಿ. ನನಗೆ ನಿಮ್ಮ ಎಲೆ ಬೇಡ. ಆಸ್ಪತ್ರೆ ಬೇಕು, ಈಗ ಬೇಕು."

ಮೂಲೆಯಲ್ಲಿ ಕೂತಿದ್ದ ಬೆಳ್ಯಪ್ಪರ ಮುದಿ ಅಕ್ಕ ಆಗ ಬಾಯಿಬಿಟ್ಟರು. "ಅಜ್ಜಿ ಹೇಳಿದ್ರು ಬೆಳ್ಯಪ್ಪ. ನಾನು ಸಣ್ಣವಳು, ಹತ್ತಿರವೇ ಇದ್ದೆ. ಎದೆ ಒತ್ತುತ್ತದೆ ಮಗಾ ಅಂದ್ರು. ರೊಟ್ಟಿ ಮುಗೀಲಿ ಅಂದದ್ದು ನಮ್ಮ ಅಪ್ಪ."

ಬೆಳ್ಯಪ್ಪ ಹೆಂಡತಿಯ ಮುಖವನ್ನು ಅಂದು ಮೊದಲ ಸಲ ಸರಿಯಾಗಿ ನೋಡಿದರು. ಅದು ಬೂದಿಯ ಬಣ್ಣಕ್ಕೆ ತಿರುಗಿತ್ತು. ಡೈಸಿ ಕರೆಸಿದ ಆಂಬುಲೆನ್ಸ್ ಬಂದಾಗ ಅವರು ಚಪ್ಪಲಿಯನ್ನೂ ಮೆಟ್ಟದೆ ಹೆಂಡತಿಯ ಜೊತೆ ಹತ್ತಿದರು.

ಹತ್ತಿರದ ಆಸ್ಪತ್ರೆಯಲ್ಲಿ ಇಸಿಜಿ ಮಾಡಿದರು, ತಕ್ಷಣ ಚಿಕಿತ್ಸೆ ಕೊಟ್ಟು ಮಂಗಳೂರಿಗೆ ಕಳಿಸಿದರು. ಹೃದಯದ ರಕ್ತನಾಳ ಕಟ್ಟಿತ್ತು, ಅಲ್ಲಿ ಅದನ್ನು ಬಿಡಿಸಿದರು. ಸಂಜೆವರೆಗೆ ಕಾದಿದ್ದರೆ ಉಳಿಸುವುದು ಕಷ್ಟವಿತ್ತು ಎಂದರು ಡಾಕ್ಟರ್. ಮನೆಯಲ್ಲಿ ಅಗೆಲೂ ನಿಲ್ಲಲಿಲ್ಲ. ಗಂಡಸರೇ ರೊಟ್ಟಿ ಸುಟ್ಟರು, ಒಂದು ಬದಿ ಕರಿ, ಒಂದು ಬದಿ ಹಸಿ. ಹಿರಿಯರು ಯಾರೂ ತಕರಾರು ಮಾಡಲಿಲ್ಲ.

"ನಾನು ಕಷಾಯ ಅಂದೆ ಅಲ್ವಾ," ಎಂದು ಬೆಳ್ಯಪ್ಪ ಆಸ್ಪತ್ರೆಯ ಮಂಚದ ಪಕ್ಕ ಕೂತು ಅತ್ತರು. ಪರವಾಗಿಲ್ಲ ಬಿಡಿ ಎಂದು ಪ್ರೇಮಾವತಿ ಹೇಳಲಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ದೇವಿಗೆ ಕೈಮುಗಿಯುವವರು ನಾವು. ಮನೆಯ ಹೆಂಗಸನ್ನೂ ಶಕ್ತಿ ಎಂದು ಕರೆದು, ಅವಳ ನೋವನ್ನು ಒಲೆಯ ಮುಂದೆ ಬಿಟ್ಟುಬಿಡುತ್ತೇವೆ. ನಾಚಿಕೆಯಾಗಬೇಕು. ಎದೆ ಬಿಗಿತ, ಬೆನ್ನು, ಕೈ ಅಥವಾ ದವಡೆಯ ನೋವು, ಏದುಸಿರು, ತಣ್ಣನೆ ಬೆವರು, ವಾಕರಿಕೆ, ಕಾರಣವಿಲ್ಲದ ವಿಪರೀತ ಸುಸ್ತು ಇದ್ದಕ್ಕಿದ್ದಂತೆ ಬಂದರೆ ಗ್ಯಾಸ್ ಎಂದು ನೀವೇ ತೀರ್ಮಾನಿಸಬೇಡಿ. ಎಲ್ಲ ಲಕ್ಷಣ ಒಟ್ಟಿಗೆ ಬರಲಿ ಎಂದು ಕಾಯಬೇಡಿ. ಆ ಕ್ಷಣವೇ 108ಕ್ಕೆ ಫೋನ್ ಮಾಡಿ. ಪೂಜೆ ಕಾಯುತ್ತದೆ, ನೆಂಟರು ಕಾಯುತ್ತಾರೆ, ಹೃದಯ ಕಾಯುವುದಿಲ್ಲ. ನಿಮ್ಮ ಮನೆಯಾಕೆ ನನಗೆ ಆಗ್ತಾ ಇಲ್ಲ ಎಂದರೆ, ಅವಳಿಂದ ಅದನ್ನು ಎರಡನೇ ಸಲ ಹೇಳಿಸಬೇಡಿ.