‘ಮಾರ್ಲಿಲ್ಲ ತಾನೆ?’ ಎಂದು ಕೇಳುವ ಮಾದ್ಲೋಮೊ

“ಅಮ್ಮಾ, ಮಾದ್ಲೋಮೊ ಅಜ್ಜಿ ಶ್ರೀಮಂತರಾ, ಬಡವರಾ?”

ನನ್ನ ಮಗಳು ಖ್ವೇಝಿ ಹೀಗೆ ಕೇಳಿದ್ದು ಜೂನ್ ತಿಂಗಳ ಒಂದು ಬೆಳಿಗ್ಗೆ. ಭೂಗೋಳದ ಈ ದಕ್ಷಿಣ ತುದಿಯಲ್ಲಿ ಜೂನ್ ಎಂದರೆ ನಟ್ಟ ಚಳಿಗಾಲ. ಕಡಲ ಕಡೆಯ ಚಳಿಗಾಳಿ ನಮ್ಮೂರು ಮ್ದಾಂಟ್ಸಾನೆಯ ತಗಡು ಸೂರುಗಳನ್ನೆಲ್ಲ ತಟ್ಟಿ ಎಬ್ಬಿಸುತ್ತಿತ್ತು. ನಾನು ಒಲೆಯ ಮೇಲಿನ ಗಂಜಿಯ ಕಡೆ ಒಂದು ಕಣ್ಣಿಟ್ಟು ಅವಳ ಸ್ವೆಟರಿನ ಗುಂಡಿ ಹಾಕುತ್ತಿದ್ದೆ. ಕಿಟಕಿಯಾಚೆ ಆ ವೃದ್ಧೆ ಎಂದಿನಂತೆ ರಸ್ತೆಯ ನಟ್ಟನಡುವೆ ನಡೆದುಹೋಗುತ್ತಿದ್ದರು. ಎಡಗಾಲನ್ನು ತುಸು ಹೊರಕ್ಕೆಸೆಯುವ ಅವಸರದ ನಡಿಗೆ. ಸೂಲಗಿತ್ತಿಯ ಚೀಲವನ್ನು ಒಂದು ಆಯುಷ್ಯವೆಲ್ಲ ಹೊತ್ತು, ನಿವೃತ್ತಿಯ ನಂತರವೂ ಅದನ್ನು ಇನ್ನೂ ಹಿಡಿದಿರುವಂತೆಯೇ ಮಡಿಚಿಕೊಂಡಿರುವ ಬಲಗೈ. ಮತ್ತು ಆ ಕೋಟು. ಒದ್ದೆ ಮಣ್ಣಿನ ಬಣ್ಣದ, ಮೊಣಕೈಯಲ್ಲಿ ತೇಪೆ ಹತ್ತಿದ, ಒಂದು ಗುಂಡಿಗೂ ಇನ್ನೊಂದಕ್ಕೂ ನೆಂಟಸ್ತಿಕೆಯಿಲ್ಲದ ಕೋಟು.

“ಯಾಕೆ ಕೇಳ್ದೆ?” ಅಂದೆ.

“ಎಲ್ಲಾರ್ಗೂ ದುಡ್ಡು ಕೂಡಿಡೋದು ಹೇಳ್ಕೊಡ್ತಾರಲ್ಲ. ಮತ್ತೆ ಅವರ ಕೋಟು ಮಾತ್ರ ಹರ್ಕಲು.”

ಏಳು ವರ್ಷದ ಕೂಸಿನ ತರ್ಕಕ್ಕೆ ಗಂಜಿ ಉಕ್ಕುವುದರೊಳಗೆ ಉತ್ತರ ಕೊಡುವುದು ನನ್ನಿಂದ ಸಾಧ್ಯವಾಗಲಿಲ್ಲ. “ಅವರನ್ನೇ ಕೇಳು,” ಎಂದು ಬಿಟ್ಟೆ. ಹಾಗೆ ಬಿಟ್ಟದ್ದರಿಂದ ಏನಾಯಿತೆಂಬುದನ್ನು ಹೇಳುವ ಮುನ್ನ, ಆ ಕೋಟಿನೊಳಗಿನ ಹೆಂಗಸಿನ ಪರಿಚಯವಾಗಬೇಕು.

ಆಸ್ಪತ್ರೆಯ ಬಿಲ್ಲೆಯ ಮೇಲೆ ಅವರಿಗೊಂದು ಉದ್ದನೆಯ ಹೆಸರಿತ್ತಂತೆ. ನಮ್ಮ ಬೀದಿಯಲ್ಲಿ ಅದನ್ನು ಉಚ್ಚರಿಸುವ ಧೈರ್ಯ ಯಾರಿಗೂ ಇಲ್ಲ. ತವರಿನ ಕುಲದ ಹೆಸರಾದ ಮಾದ್ಲೋಮೊ ಎಂದೇ ಎಲ್ಲರೂ ಕರೆಯುವುದು. ಅವರು ರಸ್ತೆಯ ನಡುವೆ ನಡೆದರೆ ಹಿಂದೆ ಬರುವ ಟ್ಯಾಕ್ಸಿಗಳು ಮೆಲ್ಲಗೆ ಪಕ್ಕಕ್ಕೆ ಸರಿದುಹೋಗುತ್ತವೆ. ಆ ಚಾಲಕರಲ್ಲಿ ಅರ್ಧದಷ್ಟು ಮಂದಿ ಅವರ ಕೈಯಲ್ಲೇ ಲೋಕಕ್ಕೆ ಬಂದವರು. ತಮ್ಮನ್ನು ತಲೆಕೆಳಗಾಗಿ ಹಿಡಿದು ಬೆನ್ನು ತಟ್ಟಿ ಅಳಿಸಿದ ಕೈಯ ಬೆನ್ನಿಗೇ ಹಾರ್ನ್ ಹೊಡೆಯುವುದು ಯಾರಿಂದಾದೀತು?

ಲೋಕದ ಜನ ಎದುರಾದಾಗ ಕ್ಷೇಮ ಕೇಳುತ್ತಾರೆ, ಮಕ್ಕಳನ್ನು ಕೇಳುತ್ತಾರೆ, ಮಳೆಯನ್ನು ಕೇಳುತ್ತಾರೆ. ಮಾದ್ಲೋಮೊ ಕೇಳುವುದು ಒಂದೇ: “ಮಾರ್ಲಿಲ್ಲ ತಾನೆ?” ಚರ್ಚಿನ ಗೇಟಿನಲ್ಲಿ, ಚಿಕಿತ್ಸಾಲಯದ ಸಾಲಿನಲ್ಲಿ, ಬಿಸಿ ಬೋಂಡದ ಅಂಗಡಿಯ ಮುಂದೆ, ಎಲ್ಲೆಡೆ ಇದೇ ಕುಶಲಪ್ರಶ್ನೆ. ಒಮ್ಮೆ ಸಾವಿನ ಮನೆಯಲ್ಲಿ ವಿಧವೆಯ ಎರಡೂ ಕೈ ಹಿಡಿದು ನಿಜವಾದ ಕಣ್ಣೀರು ಸುರಿಸಿ, ಮೂಗೊರೆಸಿಕೊಂಡು, ಕಿವಿಯ ಬಳಿ ಬಾಗಿ, “ಮಾರ್ಬೇಡ, ಆಯ್ತಾ ಮಗಳೇ? ಕಾರ್ಯಕ್ಕೆ ಒಂದು ಕುರಿ ಸಾಕು, ಹೋರಿ ಯಾಕೆ?” ಎಂದದ್ದನ್ನು ನಾನೇ ಕೇಳಿಸಿಕೊಂಡಿದ್ದೇನೆ. ಆ ವಿಧವೆ ಅಳುವಿನ ನಡುವೆಯೇ ಫಕ್ಕನೆ ನಕ್ಕುಬಿಟ್ಟಳು. ಆ ದಿನ ಅವಳು ನಕ್ಕದ್ದು ಅದೊಂದೇ ಸಲ.

ಮಾರಬಾರದ್ದು ಯಾವುದೆಂದು ನಮ್ಮ ಬೀದಿಗೆ ಹೇಳಬೇಕಾಗಿಲ್ಲ. ತೆರಿಗೆಯಿಲ್ಲದ ಉಳಿತಾಯ ಖಾತೆಯೊಳಗೆ ಕೊಂಡಿಟ್ಟ ಇಟಿಎಫ್. ಷೇರುಪೇಟೆಯ ನೂರಾರು ಕಂಪನಿಗಳ ಚೂರುಗಳನ್ನು ಒಂದೇ ಗಂಟಾಗಿ ಕಟ್ಟಿ ಮಾರುವ ಈ ಪದಾರ್ಥವನ್ನು ಬ್ಯಾಂಕಿನ ಹುಡುಗರು ಬಣ್ಣದ ಗೆರೆಗಳ ಚಿತ್ರ ತೋರಿಸಿ ವಿವರಿಸಿದಾಗ ನಮಗೆ ನಿದ್ದೆ ಬಂದಿತ್ತು. ಮಾದ್ಲೋಮೊ ಜೋಳದ ನುಚ್ಚು ಮತ್ತು ಅವರೆ ಬೇಯುತ್ತಿದ್ದ ಪಾತ್ರೆಗೆ ಸೌಟು ಅದ್ದಿ ಎತ್ತಿ ತೋರಿಸಿದರು. “ನೋಡು, ಒಂದು ಸೌಟಲ್ಲಿ ಎಲ್ಲಾ ಬಂತಾ? ಯಾವ ಕಾಳು ಚೆನ್ನಾಗಿ ಬೆಂದಿದೆ ಅಂತ ಆರಿಸ್ತಾ ಕೂತ್ರೆ ಹಸ್ಕೊಂಡೇ ಇರ್ತೀಯ. ಒಂದು ಕಾಳು ಗಟ್ಟಿ ಸಿಕ್ರೂ ಹಲ್ಲು ಮುರಿಯಲ್ಲ. ಮುಚ್ಚಳ ಮುಚ್ಚಿ ಬಿಟ್ಬಿಡು.” ಪೇಟೆ ಕುಸಿದ ಸುದ್ದಿ ರೇಡಿಯೋದಲ್ಲಿ ಬಂದು ಹೆಂಗಸರೆಲ್ಲ ಮೊಬೈಲು ಹಿಡಿದು ಅವರ ಬಾಗಿಲಿಗೆ ಓಡಿದ ದಿನ ಮಾತ್ರ ಅಡುಗೆಯ ಉಪಮೆ ಬಿಟ್ಟು ತಮ್ಮ ಕಸುಬಿನ ಮಾತಿಗೆ ಬಂದರು. “ಹೊಟ್ಟೆಲಿರೋ ಕೂಸನ್ನ ದಿನಾ ಹೊರಗೆ ತೆಗೆದು ನೋಡ್ತಾರೇನ್ರೇ? ಹೋಗಿ, ಮನೆಗ್ಹೋಗಿ ನೀರು ಕುಡೀರಿ.”

ಖ್ವೇಝಿ ಹುಟ್ಟಿದಾಗ ಎಲ್ಲರೂ ಕಂಬಳಿ ತಂದರು. ಇವರು ಬರಿಗೈಲಿ ಬಂದು, ಹೊಕ್ಕುಳ ನೋಡಿ, ಕಣ್ಣ ರೆಪ್ಪೆ ಬಿಡಿಸಿ ನೋಡಿ, ತೃಪ್ತಿಯಿಂದ ಗಂಟಲಲ್ಲೇ ಗುನುಗಿ, “ಜನನ ಪತ್ರ ಆಯ್ತಾ? ಅದಿಲ್ದೆ ಖಾತೆ ತೆರೆಯಕ್ಕಾಗಲ್ಲ,” ಎಂದರು.

ನನ್ನ ಗಂಡ ಸಿವೂಯಿಲೆ ನಗು ತಡೆಯಲಾರದೆ, “ಮಾದ್ಲೋಮೊ, ಅದಕ್ಕಿನ್ನೂ ಕತ್ತೇ ನಿಂತಿಲ್ಲ!” ಎಂದ.

“ಕತ್ತು ತಾನಾಗೇ ನಿಲ್ಲತ್ತೆ ಕಣೋ. ದುಡ್ಡನ್ನ ನಾವೇ ನಿಲ್ಲಿಸ್ಬೇಕು.”

ಇಂಥವರ ಕೈಯಲ್ಲಿ ತಪ್ಪಾಯಿತೆಂದರೆ ಹೊಸಬರು ನಂಬುವುದಿಲ್ಲ. ಆದದ್ದು ಹೀಗೆ. ನಮ್ಮ ಬೀದಿಯ ಹನ್ನೊಂದು ಹೆಂಗಸರದೊಂದು ಉಮ್ಗಲೇಲೊ ಕೂಟವಿದೆ. ತಿಂಗಳು ತಿಂಗಳು ಹಾಕಿ ಕೂಡಿಸಿದ್ದನ್ನು ಡಿಸೆಂಬರಿನಲ್ಲಿ ಹಂಚಿಕೊಂಡು, ಅಕ್ಕಿ ಎಣ್ಣೆ ಸಕ್ಕರೆ ಮೂಟೆಗಟ್ಟಲೆ ತಂದು, ಹಾಡಿ ಕುಣಿದು ಮುಗಿಸುವುದು ರೂಢಿ. ಖ್ವೇಝಿ ಹುಟ್ಟಿದ ವರ್ಷದ ಡಿಸೆಂಬರಿನಲ್ಲಿ ಮಾದ್ಲೋಮೊ ಎದ್ದು ನಿಂತು, ಈ ಸಲ ಹಂಚುವುದು ಬೇಡ, ಬೆಳೆಯಲು ಬಿಡೋಣ ಎಂದರು.

ಕೂಟದ ನಾಲಿಗೆಯೆಂದೇ ಹೆಸರಾದ ಮಾಮ್‌ಭೇಲೆ ಸೊಂಟದ ಮೇಲೆ ಕೈಯಿಟ್ಟಳು. “ನಮ್ಮ ಅಕ್ಕಿ ಎಣ್ಣೆ ತಗೊಂಡು ಜೊಹಾನ್ಸ್‌ಬರ್ಗ್‌ನೋರ ಬಾಯಿಗೆ ಸುರೀತೀಯೇನೆ? ಕ್ರಿಸ್‌ಮಸ್ಸಿಗೆ ನನ್ ಗಂಡಂಗೆ ಇಟಿಎಫ್ ಬೇಯ್ಸಿ ಹಾಕ್ಲಾ?”

“ನಿನ್ ಗಂಡಂಗೆ ಎರಡು ದಿನ ಊಟ ಬಿಡಿಸಿದ್ರೆ ಅವನ ಸಕ್ಕರೆ ಕಾಯಿಲೆ ಇಳಿಯತ್ತೆ,” ಎಂದರು ಮಾದ್ಲೋಮೊ.

ನಗುವಿನಲ್ಲಿ ಒಪ್ಪಿಗೆಯಾಯಿತು. ಆದರೆ ಒಬ್ಬೊಬ್ಬರೇ ಖಾತೆ ತೆರೆಯಿರೆಂದರೆ ಯಾರೂ ಕೇಳಲಿಲ್ಲ. ನಮ್ಮಲ್ಲಿ ಕೂಟದ ಹಣವನ್ನು ಬೀಗಕ್ಕೆ ಒಪ್ಪಿಸುವುದಿಲ್ಲ, ಮನುಷ್ಯರಿಗೆ ಒಪ್ಪಿಸುತ್ತೇವೆ. ಮಡಕೆ ಒಂದೇ ಇರಬೇಕು, ಅದು ಎಲ್ಲರಿಗಿಂತ ನೆಚ್ಚಿನ ಕೈಯಲ್ಲಿರಬೇಕು. ಮಾದ್ಲೋಮೊ ಒಪ್ಪಿಕೊಂಡರು. ಅವರಿಗಾಗಲೇ ಸ್ವಂತದ ಖಾತೆಯೊಂದಿತ್ತು, ಆ ವರ್ಷದ್ದನ್ನು ಅದಕ್ಕೆ ಪೂರ್ತಿ ಹಾಕಿಯೂ ಆಗಿತ್ತು. ನಮ್ಮ ಹಣದ ಒಂದು ಕಾಸೂ ತಮ್ಮದರೊಡನೆ ಬೆರೆಯಬಾರದೆಂಬ ಮಡಿಯಿಂದ ಬೇರೊಂದು ಬ್ಯಾಂಕಿನಲ್ಲಿ, ತಮ್ಮದೇ ಹೆಸರಿನಲ್ಲಿ, ಎರಡನೆಯ ತೆರಿಗೆಯಿಲ್ಲದ ಖಾತೆ ತೆರೆದು ಕೂಟದ ಹಣವನ್ನಷ್ಟೂ ಅಲ್ಲಿಟ್ಟರು. ಆ ಮಡಿಯೇ ಮುಳುವಾಯಿತು. ಒಬ್ಬರಿಗೆ ವರ್ಷಕ್ಕೆ ಇಷ್ಟೇ ಎಂಬ ಮಿತಿ ಎಲ್ಲ ಖಾತೆಗಳಿಗೂ ಸೇರಿ ಒಂದೇ. ಮೀರಿದ್ದರ ಮೇಲೆ ನೂರಕ್ಕೆ ನಲವತ್ತು ದಂಡ. ನಮ್ಮ ಕಣ್ಣಿಗೆ ಅದು ಹನ್ನೊಂದು ಹೆಂಗಸರ ಹಣ. ತೆರಿಗೆಯವರ ಕಣ್ಣಿಗೆ ಒಬ್ಬ ಮುದುಕಿಯ ಅತಿಯಾಸೆ.

ದಂಡದ ಸುದ್ದಿ ಬಂದ ವಾರದ ಕೂಟ ನಮ್ಮ ಮನೆಯಲ್ಲೇ ನಡೆಯಿತು. ಮಾದ್ಲೋಮೊ ಚಹಾ ಮುಟ್ಟಲಿಲ್ಲ. ಎದ್ದು ನಿಂತು, ಆಗಿನ್ನೂ ಒಂದೇ ಬಗೆಯ ಗುಂಡಿಗಳಿದ್ದ ಕೋಟನ್ನು ಕೊರಳವರೆಗೂ ಹಾಕಿಕೊಂಡು, “ನಿಯಮ ನನಗೆ ಗೊತ್ತಿರ್ಬೇಕಿತ್ತು, ಗೊತ್ತಿರ್ಲಿಲ್ಲ. ತಪ್ಪು ನಂದು, ದಂಡಾನೂ ನಂದು. ನಿಮ್ಮ ದುಡ್ಡಿಗೆ ಗೀರೂ ಬೀಳಲ್ಲ,” ಎಂದರು.

ಮಾಮ್‌ಭೇಲೆಯೇ ಮೊದಲು ಬಾಯಿಬಿಟ್ಟಳು. “ಬಾಯ್ಮುಚ್ಚು ಸಾಕು. ನಾವೇ ನಿನ್ ತಲೆಗೆ ಕಟ್ಟಿದ್ದು. ದಂಡಾನೂ ಹನ್ನೊಂದು ಪಾಲು.”

“ಹೆರಿಗೆ ಮಾಡ್ಸಿದೋಳು ನಾನು. ನನ್ ಕೈ ಜಾರಿದ್ರೆ ನೋವನ್ನ ಬಾಣಂತೀರಿಗೆ ಹಂಚ್ತೀನೇನೆ?”

ಹಾಗೆಂದವರೇ ಮಾದ್ಲೋಮೊ ಮೊಬೈಲು ತೆಗೆದರು. ನಮ್ಮೆಲ್ಲರೆದುರಿಗೇ ಆ ಎರಡನೆಯ ಖಾತೆಯಲ್ಲಿದ್ದುದನ್ನೆಲ್ಲ ತಮ್ಮ ಬೆರಳಿನಿಂದಲೇ ಮಾರಿದರು. ಬೆಳೆದಷ್ಟನ್ನೂ ಸೇರಿಸಿ ಅವರವರ ಪಾಲು ಅವರವರಿಗೆ ಹಿಂದಿರುಗಿಸಿದರು. ಆಮೇಲೆ ಶುರುವಾಯಿತು ಅವರ ಮನೆಮನೆ ಯಾತ್ರೆ. ಒಬ್ಬೊಬ್ಬಳ ಅಡುಗೆಮನೆಯಲ್ಲೂ ಕೂತು, ಅವಳ ಗುರುತಿನ ಚೀಟಿ, ಅವಳ ಹೆಸರು, ಅವಳದೇ ಖಾತೆ. ನಮ್ಮ ಮನೆಯಲ್ಲಿ ಖ್ವೇಝಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡು ಒಂದು ಕೈಯಲ್ಲಿ ತಟ್ಟುತ್ತ, ನನ್ನದಾದ ಮೇಲೆ ಅವಳದ್ದನ್ನೂ ತೆರೆಸಿ, ಕೊನೆಗೆ ನನ್ನ ಗಲ್ಲ ಹಿಡಿದು, “ಕೇಳು ಮಾಕೋಟಿ,” ಎಂದರು. ಈ ಬೀದಿಗೆ ಸೊಸೆಯಾಗಿ ಬಂದ ನನ್ನನ್ನು ಅವರು ಇಂದಿಗೂ ಕರೆಯುವುದು ಹಾಗೆಯೇ, ಸೊಸೆ ಎಂದು. “ಇನ್ಮೇಲೆ ಯಾರ ಮಡಕೇನೂ ನಾನು ಹೊರಲ್ಲ. ಆದ್ರೆ ನಿಮ್ಮ ನಿಮ್ಮ ಮಡಕೆ ಮುಚ್ಚಳ ತೆಗೀತೀರೇನು ಅಂತ ಸಾಯೋವರ್ಗೂ ಕಾಯ್ತೀನಿ.” ‘ಮಾರ್ಲಿಲ್ಲ ತಾನೆ?’ ಎಂಬ ಪ್ರಶ್ನೆ ಹುಟ್ಟಿದ್ದು ಅಂದಿನಿಂದ.

ದಂಡವನ್ನು ಅವರು ದಾದಿಯ ಪಿಂಚಣಿಯಿಂದ ಕಂತು ಕಂತಾಗಿ ಕಟ್ಟಿದರು, ವರ್ಷಗಟ್ಟಲೆ. ಸ್ವಂತದ ಖಾತೆಯನ್ನು ಮುಟ್ಟಲಿಲ್ಲ. ಮಾರುವ ಗುಂಡಿಯ ಕಡೆ ಬೆರಳು ಹೋಗುವುದಿಲ್ಲ ಎನ್ನುತ್ತಿದ್ದರು. ಮೊದಲು ಚಹಾದಿಂದ ಸಕ್ಕರೆ ಹೋಯಿತು. ಆಮೇಲೆ ಟ್ಯಾಕ್ಸಿ ಹೋಯಿತು, ಹಾಗಾಗಿಯೇ ರಸ್ತೆಯ ನಡುವಿನ ಆ ನಡಿಗೆ. ಕೋಟಿನ ಗುಂಡಿಗಳು ಒಂದೊಂದಾಗಿ ಹೋಗಿ ಬೇರೆ ಕುಲದವು ಬಂದವು. ಕಳೆದ ಚಳಿಗಾಲದಲ್ಲಿ ಅವರ ಕೆಮ್ಮು ಬೀದಿಯ ಆ ತುದಿಯಿಂದ ಈ ತುದಿಗೆ ಕೇಳಿಸುತ್ತಿತ್ತು. ನಾವೆಲ್ಲ ಸೇರಿ ದಪ್ಪ ಉಣ್ಣೆಯ ನೀಲಿ ಕೋಟೊಂದನ್ನು ತಂದು ಕೊಟ್ಟೆವು. ಬಟ್ಟೆಯನ್ನು ಸವರಿ ನೋಡಿದರು, ಹೊಲಿಗೆಯನ್ನು ಮೆಚ್ಚಿದರು, ನಮ್ಮೆಲ್ಲರ ಕೆನ್ನೆಗೂ ಮುತ್ತಿಟ್ಟರು, ಬಿಲ್ಲು ಕೇಳಿ ಇಸಿದುಕೊಂಡರು. ಮರುದಿನವೇ ಅಂಗಡಿಗೆ ಹಿಂತಿರುಗಿಸಿ ಆ ಹಣವನ್ನು ಮಕ್ಕಳ ಖಾತೆಗಳಿಗೆಂದು ನಮಗೇ ಹಂಚಿಬಿಟ್ಟರು.

“ಈ ಮುದುಕಿ ಸತ್ರೆ ಶವಪೆಟ್ಟಿಗೇನೂ ವಾಪಸ್ ಕೊಟ್ಟು ಬರ್ತಾಳೆ,” ಎಂದು ಮಾಮ್‌ಭೇಲೆ ಬಾಗಿಲಲ್ಲೇ ನಿಂತು ಅತ್ತಳು.

ಇವರನ್ನು ಹಠಮಾರಿಯೆಂದು ಬೈದು ಸುಮ್ಮನಾಗುವುದು ನನಗೆ ಸಾಧ್ಯವಿಲ್ಲ. ಕಾರಣವಿದೆ. ಎರಡು ವರ್ಷದ ಹಿಂದೆ ಸಿವೂಯಿಲೆಯ ಕಾರ್ಖಾನೆ ಬಿಡಿಭಾಗಗಳು ಬಾರದೆ ವಾರಗಟ್ಟಲೆ ಬಾಗಿಲು ಹಾಕಿತು, ಸಂಬಳ ನಿಂತಿತು. ಖ್ವೇಝಿಯ ಖಾತೆಯೊಂದೇ ನನ್ನ ಕಣ್ಣಮುಂದೆ ಹೊಳೆಯುತ್ತಿದ್ದ ಆ ದಿನಗಳಲ್ಲಿ ಮಾದ್ಲೋಮೊ ಪ್ರತಿ ಸಂಜೆ ಬಾಗಿಲಿಗೆ ಬಂದು, “ಮಾರ್ಲಿಲ್ಲ ತಾನೆ?” ಎನ್ನುತ್ತಿದ್ದರು. ಎನ್ನುತ್ತಲೇ ಕೋಟಿನ ಅಡಿಯಿಂದ ಬಿಸಿ ನುಚ್ಚು–ಅವರೆಯ ಪಾತ್ರೆಯನ್ನು ತೆಗೆದು ಮೇಜಿನ ಮೇಲಿಡುತ್ತಿದ್ದರು. ಹೆಚ್ಚಾಗಿ ಬೇಯಿಸಿಬಿಟ್ಟೆ ಎಂಬ ಸುಳ್ಳನ್ನೂ ಹೇಳುವ ಗೋಜಿಗೆ ಹೋಗುತ್ತಿರಲಿಲ್ಲ. ಮಾರಬೇಡ ಎಂದು ಬೋಧಿಸುವವರು ಬೇಕಾದಷ್ಟಿದ್ದಾರೆ. ಮಾರದೆ ಬದುಕಲು ಬೇಕಾದ ಊಟವನ್ನೂ ಹೊತ್ತು ತರುವವರನ್ನು ನಾನು ಕಂಡದ್ದು ಇವರೊಬ್ಬರನ್ನೇ. ಖ್ವೇಝಿಯ ಖಾತೆ ಇಂದಿಗೂ ಮುಚ್ಚಳ ತೆರೆಯದೆ ಕುದಿಯುತ್ತಿದೆ. ಅದರಲ್ಲಿ ಎಷ್ಟು ಸೌಟು ಅವರ ಪಾತ್ರೆಯದೆಂದು ನನಗೆ ಗೊತ್ತು.

ಆ ಜೂನ್ ಬೆಳಗಿನ ಪ್ರಶ್ನೆಯನ್ನು ಖ್ವೇಝಿ ಮರೆಯಲಿಲ್ಲ. ಸಂಜೆ ಮಾದ್ಲೋಮೊ ಬಂದು ಕೂರುವುದೇ ತಡ, ಎದುರಿಗೆ ನಿಂತು ಕೇಳಿಯೇಬಿಟ್ಟಳು. “ಅಜ್ಜಿ, ನೀವು ಶ್ರೀಮಂತರಾ, ಬಡವರಾ?”

ನಾನು ಚಹಾದ ಲೋಟ ಹಿಡಿದು ಹಾಗೇ ನಿಂತೆ. ಮಾದ್ಲೋಮೊ ನಗಲೂ ಇಲ್ಲ, ಗದರಲೂ ಇಲ್ಲ. “ದುಡ್ಡಿದೆ ಮಗೂ. ಹೊಟ್ಟೆಲಿದೆ. ಬೆಳೀತಿದೆ,” ಎಂದರು.

“ಯಾವಾಗ್ಲೂ ಹೊಟ್ಟೆಲೇ ಇದ್ರೆ ಪಾಪು ಹುಟ್ಟೋದ್ಯಾವಾಗ?”

ಸಾವಿರಾರು ಕೂಸುಗಳ ದಿನ ತುಂಬಿದ್ದನ್ನು ಬೆರಳ ತುದಿಯಿಂದಲೇ ಬಲ್ಲ ಆ ಹೆಂಗಸು ಕೋಟಿನ ಗುಂಡಿಯೊಂದನ್ನು ತಿರುವತೊಡಗಿದರು. ಆಮೇಲೆ ಕೆಮ್ಮು ಬಂತು, ಬಹಳ ಹೊತ್ತು ಬಂತು. ಚಹಾ ಕುಡಿಯದೆ ಎದ್ದುಹೋದರು. ಹೋಗುವಾಗ ಎಂದಿನ ಪ್ರಶ್ನೆ ಕೇಳಲಿಲ್ಲ. ಒರಟಾಗಿ ಮಾತಾಡಿದೆಯೆಂದು ಮಗಳನ್ನು ಗದರಲು ಹೊರಟ ನನ್ನನ್ನು ಸಿವೂಯಿಲೆ ತಡೆದ. “ಬಿಡು. ಅವರಿಗೆ ಇದನ್ನ ಹೇಳೋಕೆ ನಮಗ್ಯಾರಿಗೂ ಧೈರ್ಯ ಇರ್ಲಿಲ್ಲ.”

ನಾನು ಯೋಚಿಸುತ್ತ ಕುಳಿತೆ. ಜಿಪುಣ ತನ್ನ ಹಣವನ್ನು ಜನರಿಂದ ಕಾಯುತ್ತಾನೆ. ಇವರ ಜಾತಿಯೇ ಬೇರೆ. ಇವರು ಜನರ ಹಣವನ್ನು ಆ ಜನರದೇ ಕೆಟ್ಟ ದಿನದಿಂದ ಕಾಯುವವರು. ಬೀದಿಗೊಬ್ಬರು ಇಂಥವರು ಇರುವುದರಿಂದಲೇ ನಮ್ಮಂಥವರ ಮಕ್ಕಳಿಗೆ ನಾಳೆ ಎಂಬುದೊಂದು ಇಡುಗಂಟಾಗಿ ಉಳಿದಿರುತ್ತದೆ. ಆದರೆ ಎಲ್ಲರ ಹೆಸರಿಗೂ ಒಂದೊಂದು ಮಡಕೆ ಇಟ್ಟುಕೊಡುವ ಇವರಿಗೆ ತಾವೂ ಆ ‘ಎಲ್ಲರ’ ಪೈಕಿ ಒಬ್ಬರೆಂಬುದು ಮಾತ್ರ ಯಾವ ಲೆಕ್ಕದಲ್ಲೂ ಹೊಳೆಯುವುದಿಲ್ಲ. ಅದನ್ನು ಬೇರೆ ಯಾರಾದರೂ ಹೇಳಬೇಕು. ಋಣಿಗಳಾದ ನಾವು ಸಂಕೋಚದಿಂದ ಬಾಯಿ ಕಟ್ಟಿ ಕುಳಿತಿರುತ್ತೇವೆ. ಯಾವ ಸಂಕೋಚವೂ ಇಲ್ಲದ ಒಂದು ಕೂಸೇ ಬರಬೇಕು.

ಮುಂದಿನ ಶನಿವಾರ ಅವರು ಮತ್ತೆ ಬಂದರು. ಒಳಬಂದು ಬಾಗಿಲನ್ನು ತಾವೇ ಮುಚ್ಚಿದರು. ದಂಡದ ಕೊನೆಯ ಕಂತು ಮುಗಿದು ಮೂರು ತಿಂಗಳಾಯಿತೆಂದು, ಹವಾಮಾನ ಹೇಳುವ ದನಿಯಲ್ಲಿ ಹೇಳಿದರು. ಪೇಟೆಯ ಅಂಗಡಿಯಲ್ಲಿ ಆ ನೀಲಿ ಕೋಟು ಇನ್ನೂ ತೂಗುಹಾಕಿದೆಯಂತೆ, ತೋಳು ಮಾತ್ರ ತುಸು ಉದ್ದವಂತೆ, ಮಡಿಸಿ ಹೊಲಿದರಾಯಿತಂತೆ. ಮೊಬೈಲನ್ನು ಕೋಟಿನ ಒಳಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟು, ಬಿಸಿ ಪಾತ್ರೆಯನ್ನು ಸರಿಸುವಂತೆ ಎರಡು ಬೆರಳಿಂದ ನನ್ನ ಕಡೆಗೆ ಸರಿಸಿದರು.

“ಮಾಕೋಟಿ, ನನಗೊಂದು ಉಪಕಾರ ಮಾಡು. ಒಂದು ಕೋಟಿನಷ್ಟು ಮಾರು, ಸಾಕು. ನನ್ ಬೆರಳು ಆ ಗುಂಡಿ ಹತ್ರ ಹೋಗ್ತಿಲ್ಲ, ನೀನೇ ಒತ್ತು. ನೀನು ಒತ್ತೋವರ್ಗೂ ನಾನು ಆ ಕಡೆ ತಿರುಗ್ಕೊಂಡಿರ್ತೀನಿ. ಮಾಮ್‌ಭೇಲೆಗೆ ಮಾತ್ರ ಹೇಳ್ಬೇಡ.”