ಕೊಲೆಗಾತಿಯ ಬಲಗಾಲು

ಸಿನಿಮಾ ಕಲಿಯುತ್ತಿದ್ದ ತಂಗಿಯ ಚಿತ್ರದಲ್ಲಿ ಕೊಲೆ ಮಾಡುವವಳು ಕುಂಟಿಯಾದ ಒಬ್ಬ ದರ್ಜಿ ಎಂದು ತಿಳಿದಾಗ ಅಕ್ಕನಿಗೆ ಸಿಟ್ಟು ಬರಲಿಲ್ಲ. ಅಕ್ಕನೂ ದರ್ಜಿಯೇ. ಎರಡನೆಯ ವರ್ಷದಲ್ಲಿ ಬಂದ ಜ್ವರವೊಂದು ಅವಳ ಬಲಗಾಲನ್ನು ಸಣಕಲು ಮಾಡಿ ಹೋಗಿತ್ತು. ನಲವತ್ತು ವರ್ಷ ಬೀದಿಯ ಬಾಯಲ್ಲಿ ಏನೇನೋ ಕೇಳಿಸಿಕೊಂಡವಳಿಗೆ ಇದು ದೊಡ್ಡದಾಗಿ ಕಾಣಲಿಲ್ಲ.

"ಕೊಲೆ ಹೇಗೆ ಮಾಡ್ತಾಳೆ?" ಎಂದು ಮಾತ್ರ ಕೇಳಿದಳು.

"ಕತ್ತರೀಲಿ. ಮದುವೆ ಬಟ್ಟೆ ಹೊಲಿಸೋಕೆ ಬರೋ ಹುಡುಗೀರನ್ನ."

"ಹೊಲಿದ ಮೇಲೋ, ಮೊದಲೋ?"

"ಅದೆಂಥ ಪ್ರಶ್ನೆ ಅಕ್ಕ?"

"ಹೊಲಿದ ಮೇಲೆ ಕೊಂದರೆ ಹೊಲಿದಿದ್ದೆಲ್ಲ ದಂಡ ಕಣೇ. ಯಾವ ದರ್ಜೀನೂ ಹಾಗೆ ಮಾಡಲ್ಲ."

ತಂಗಿ ನಕ್ಕಳು. "ಅವಳಿಗೆ ಮದುವೆ ಆಗಿಲ್ಲ, ಅದಕ್ಕೇ ಕೊಲ್ತಾಳೆ. ಕಾರಣ ಜನಕ್ಕೆ ಒಂದೇ ಏಟಿಗೆ ಅರ್ಥ ಆಗ್ಬೇಕು ಅಂತಾರೆ ನಮ್ಮ ಮೇಷ್ಟ್ರು. ಕುಂಟೋದು ನೋಡಿದ್ರೆ ಸಾಕು, ಜನ ತಾವೇ ತಿಳ್ಕೋತಾರಂತೆ."

ಹೇಳುವಾಗ ತಂಗಿಯ ಕಣ್ಣು ತನ್ನ ಕಾಗದದ ಮೇಲಿತ್ತು. ಅಕ್ಕ ದಾರ ಕಚ್ಚಿ ಹರಿದಳು. ಅಮ್ಮ ದೇವರ ಪಾದ ಸೇರಿದಾಗ ಈ ಹುಡುಗಿಗೆ ಮೂರು ವರ್ಷ, ಅಕ್ಕನಿಗೆ ಇಪ್ಪತ್ತನಾಲ್ಕು. ಆಮೇಲೆ ಬಂದ ಒಂದು ಒಳ್ಳೆಯ ಸಂಬಂಧವನ್ನು, ಮಗುವನ್ನು ಯಾರ ಕೈಗೆ ಕೊಡಲಿ ಎಂದು ಅಕ್ಕನೇ ಹಿಂದಕ್ಕೆ ಕಳುಹಿಸಿದ್ದಳು. ಅದು ತಂಗಿಗೆ ಗೊತ್ತಿಲ್ಲ. ಗೊತ್ತಾಗುವುದೂ ಬೇಡವೆಂದು ಅವಳು ಬಾಯಿ ಬಿಟ್ಟಿರಲಿಲ್ಲ.

ಚಿತ್ರೀಕರಣಕ್ಕೆ ಅಕ್ಕನ ಅಂಗಡಿಯೇ ಆಗಲಿ ಎಂದಾಯಿತು. ಬಟ್ಟೆಗಳನ್ನೂ ಅವಳೇ ಹೊಲಿಯುವುದು. ತಂಗಿಯ ಕೊನೆಯ ವರ್ಷದ ಸಿನಿಮಾ ಅದು; ಚೆನ್ನಾಗಿ ಬಂದರೆ ಮುಂದಿನ ದಾರಿ ತೆರೆಯುತ್ತದೆ, ಕೆಟ್ಟರೆ ಮೂರು ವರ್ಷದ ಓದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಅಕ್ಕ ಸಂತೋಷದಿಂದಲೇ ಒಪ್ಪಿದಳು.

ಆ ಸಂತೋಷ ನಟಿ ಬರುವ ತನಕ ಇತ್ತು.

ನಟಿ ತಂಗಿಯ ತರಗತಿಯವಳೇ. ಹೊಸ್ತಿಲು ದಾಟುವ ಮೊದಲೇ "ಅಕ್ಕಾ" ಎಂದು ಕೂಗಿಕೊಂಡು ಬಂದಳು. ಆ ಮನೆಯಲ್ಲಿ ಆ ಪದವನ್ನು ಇಷ್ಟು ವರ್ಷ ತಂಗಿ ಒಬ್ಬಳೇ ಆಡಿದ್ದಳು. ಬಂದವಳು ಒಂದು ಗಳಿಗೆ ಅಕ್ಕನ ನಡಿಗೆ ನೋಡಿದಳು. ಮರುಗಳಿಗೆ ಅಂಗಡಿಯ ಈ ಗೋಡೆಯಿಂದ ಆ ಗೋಡೆಗೆ ಬಲಗಾಲು ಎಳೆದುಕೊಂಡು ನಡೆದು ತೋರಿಸಿದಳು. ಬಾಗಿಲಷ್ಟೇ ಎತ್ತರವಿದ್ದುದರಿಂದ ಎಲ್ಲರೂ 'ಏಣಿ' ಎಂದು ಕರೆಯುತ್ತಿದ್ದ ಕ್ಯಾಮೆರಾದ ಹುಡುಗ ಚಪ್ಪಾಳೆ ತಟ್ಟಿದ. ಅಷ್ಟಕ್ಕೂ ಅಕ್ಕನಿಗೆ ಏನೂ ಅನ್ನಿಸಲಿಲ್ಲ.

ಆ ದಿನ ನಡೆಯುವ ದೃಶ್ಯಗಳನ್ನು ಹತ್ತು ಹನ್ನೆರಡು ಸಲ ತೆಗೆದರು. ಮುಗಿದ ಮೇಲೆ ನಟಿ ಕುರ್ಚಿಯಲ್ಲಿ ಕುಸಿದು ಕೂತಳು. ತಂಗಿ ಓಡಿಬಂದು ಅವಳ ಮುಂದೆ ಮಂಡಿಯೂರಿದಳು.

"ಕಾಲು ನೋವಾಯ್ತೇನೇ? ಒತ್ತಲಾ?"

ಅಕ್ಕ ಇಸ್ತ್ರಿಪೆಟ್ಟಿಗೆ ಹಿಡಿದು ನಿಂತವಳು ಹಾಗೆಯೇ ನಿಂತಳು. ಇಸ್ತ್ರಿಯಡಿಯ ಬಟ್ಟೆಯಿಂದ ಸೀದ ವಾಸನೆ ಬಂತು. ಎರಡು ಗಟ್ಟಿ ಕಾಲಿನ ಹುಡುಗಿ ಅರ್ಧ ದಿನ ಕುಂಟಿದ್ದಕ್ಕೆ ಕೇಳಿದ ಈ ಪ್ರಶ್ನೆ, ಇಷ್ಟು ವರ್ಷದಲ್ಲಿ ಅಕ್ಕನ ಕಿವಿಗೆ ಒಮ್ಮೆಯೂ ಬಿದ್ದಿರಲಿಲ್ಲ.

ಅಂದಿನಿಂದ ಅವಳ ಹೊಟ್ಟೆಯೊಳಗೆ ಕೆಂಡ ಕೂತಿತು. ನಟಿ ನಕ್ಕರೆ ಉರಿ, ತಂಗಿಯ ಲೋಟದಲ್ಲಿ ನೀರು ಕುಡಿದರೆ ಉರಿ. ಒಳ್ಳೆಯ ಹುಡುಗಿ ಎಂಬುದು ಇನ್ನೂ ದೊಡ್ಡ ಉರಿ. ಕೆಟ್ಟವಳಾಗಿದ್ದರೆ ಬೈದಾದರೂ ಹಗುರಾಗಬಹುದಿತ್ತು. ಬೆಳಿಗ್ಗೆ ಕೈಮುಗಿದು "ಇದನ್ನು ನನ್ನಿಂದ ತೆಗೆದುಬಿಡು ತಂದೆ" ಎಂದು ಬೇಡಿದಳು. ದೇವರಿಗೆ ಬೇರೆ ಏನು ಕೆಲಸವಿತ್ತೋ, ಹತ್ತು ಗಂಟೆಗೆ ಸರಿಯಾಗಿ ನಟಿ ಬಂದಳು.

ನಡುವೆ ನಾಲ್ಕು ದಿನ ಬಿಡುವಾಯಿತು. ಮತ್ತೆ ಸೇರಿದ ದಿನ ನಟಿ ನಡೆಯಲು ನಿಂತವಳು ತಡೆದು ಕೇಳಿದಳು:

"ಮೊನ್ನೆ ಯಾವ ಕಾಲು ಎಳೆದಿದ್ದೆ? ಮರ್ತೇ ಹೋಯ್ತು."

"ಎಡಗಾಲು," ಎಂದಳು ತಂಗಿ, ತಲೆಯೆತ್ತದೆ. "ನಮ್ಮಕ್ಕಂದು ಎಡಗಾಲೇ ತಾನೆ? ನನಗೆ ಗೊತ್ತಿಲ್ವಾ?"

ಅಕ್ಕ ಅಲ್ಲೇ, ಮೂರು ಮಾರು ದೂರದಲ್ಲಿ, ಮದುವೆ ಬಟ್ಟೆಯ ಅಂಚು ಮಡಿಸುತ್ತಿದ್ದಳು. ಬಾಯಲ್ಲಿ ನಾಲ್ಕು ಗುಂಡುಪಿನ್ನು ಇದ್ದವು. ಉಗಿದು ಹೇಳಲು ಎಷ್ಟು ಹೊತ್ತು? ಅವಳು ಉಗಿಯಲಿಲ್ಲ. ಇಡೀ ದಿನ ನಟಿ ಎಡಗಾಲು ಎಳೆದಳು. ಪ್ರತಿ ಸಲ ಎಳೆದಾಗಲೂ ಅಕ್ಕನಿಗೆ ಒಂದು ಕೆಟ್ಟ ಖುಷಿಯಾಯಿತು: ಎಳಿ ತಾಯಿ, ಇನ್ನೂ ಎಳಿ, ನಿಮ್ಮ ಸಿನಿಮಾ ಎರಡು ಕಡೆಗೂ ಕುಂಟಲಿ. ಸಂಜೆ ತಂಗಿಗೆ ಬಡಿಸಿ, ತನಗೆ ಊಟ ಬೇಡವೆಂದಳು. ಆಗಲೂ ಹೇಳಲಿಲ್ಲ.

ಎರಡು ವಾರದ ಮೇಲೆ, ಒಂದು ಮಧ್ಯಾಹ್ನ, ತಂಗಿ ಕಣ್ಣು ಕೆಂಪು ಮಾಡಿಕೊಂಡು ಅಂಗಡಿಗೆ ಬಂದಳು. ಹಿಂದೆ ಏಣಿ ತಲೆ ಬಗ್ಗಿಸಿ ಬಂದ. ಜೋಡಿಸಿದ ಸಿನಿಮಾವನ್ನು ಮೇಷ್ಟ್ರು ತರಗತಿಯ ಮುಂದೆಯೇ ಹಾಕಿಸಿದ್ದರು.

"'ನಿನ್ನ ಕೊಲೆಗಾತಿಗೆ ಸೋಮವಾರ ಒಂದು ಕಾಲು ಕುಂಟು, ಶುಕ್ರವಾರ ಇನ್ನೊಂದಾ?' ಅಂದ್ರು. ಎಲ್ಲಾ ಬಿದ್ದು ಬಿದ್ದು ನಕ್ಕರು ಅಕ್ಕ. ಒಪ್ಪಿಸೋಕೆ ಇನ್ನು ಮೂರೇ ದಿನ."

"ಚಿತ್ರಾನ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿಬಿಡೋಣ," ಎಂದ ಏಣಿ. "ಎಡ ಬಲ ಆಗುತ್ತೆ, ಮುಗೀತು."

"ಹೊಲಿಗೆ ಯಂತ್ರದ ಚಕ್ರ ಎಡಗಡೆ ಬಂದುಬಿಡುತ್ತಲ್ಲಪ್ಪ," ಎಂದಳು ಅಕ್ಕ. "ದರ್ಜಿಗಳೆಲ್ಲ ನಗ್ತಾರೆ. ಗೋಡೆ ಮೇಲಿರೋ ಅಂಗಡಿ ಹೆಸರೂ ಉಲ್ಟಾ ಆಗುತ್ತೆ."

ಅಷ್ಟು ಥಟ್ಟನೆ ಬಂದ ಉತ್ತರಕ್ಕೆ ತಂಗಿ ಅಕ್ಕನ ಮುಖ ನೋಡಿದಳು. ಏಣಿಗೆ ಸೂಕ್ಷ್ಮ ತಿಳಿಯಿತೋ ಏನೋ, ಚಹಾ ತರುತ್ತೇನೆಂದು ಹೊರಗೆ ಹೋದ.

"ನಿನಗೆ ಮೊದಲೇ ಗೊತ್ತಿತ್ತಾ?"

"ನನ್ನ ಕಾಲು ನನಗೆ ಗೊತ್ತಿರಲ್ವಾ?"

"ಮತ್ತೆ ಅವತ್ತೇ ಯಾಕೆ ಹೇಳ್ಲಿಲ್ಲ?"

"ಬಾಯಲ್ಲಿ ಪಿನ್ನು ಇತ್ತು."

"ಅಕ್ಕಾ!"

ಅಕ್ಕ ಸ್ಟೂಲಿನ ಮೇಲೆ ಕೂತಳು. ಸುಳ್ಳು ಹೇಳಿ ಅಭ್ಯಾಸವಿಲ್ಲದವಳು. "ಹೊಟ್ಟೆಕಿಚ್ಚು ಕಣೇ," ಎಂದಳು.

ತಂಗಿಯ ಮುಖ ಬಾಡಿತು. ದನಿ ತಗ್ಗಿಸಿ, ರೋಗಿಯನ್ನು ಕೇಳುವಂತೆ ಕೇಳಿದಳು: "ಅವಳ ಕಾಲು ನೋಡಿನಾ?"

"ಥೂ, ನಿನ್ನ ಮೇಷ್ಟ್ರ ಬುದ್ಧಿ ನಿನಗೂ ಹತ್ತಿತು! ಅವಳ ಕಾಲು ತಗೊಂಡು ನಾನೇನು ಮಾಡ್ಲಿ, ನೆಂಚಿಕೊಳ್ಳಲಾ? ಕಾಲು ನೋವಾಯ್ತಾ ಅಂತ ಅವಳನ್ನ ಕೇಳಿದೆಯಲ್ಲ. ಮಂಡಿ ಊರಿ. ನನ್ನನ್ನ ಯಾವತ್ತಾದ್ರೂ ಕೇಳಿದ್ದೀಯಾ? ಕೇಳೋದಿರಲಿ, ನಾನು ಕುಂಟೋದು ಯಾವ ಕಾಲು ಅಂತಲೂ ನಿನಗೆ ಗೊತ್ತಿಲ್ಲ. ಎತ್ತಿ ಆಡಿಸಿದವಳು ನಾನು..." ಮುಂದಿನದು ಮೂಗಿನಲ್ಲೇ ಕರಗಿತು. ಹೊಲಿಯಲು ಬಂದಿದ್ದ ಯಾರದೋ ಬಟ್ಟೆಯ ತುದಿಯಿಂದಲೇ ಮುಖ ಒರೆಸಿಕೊಂಡಳು.

ತಂಗಿ ಸ್ಟೂಲಿನ ಪಕ್ಕ, ಅಕ್ಕನ ಎಡಗಡೆಗೆ ಬಂದು ನಿಂತಳು.

"ಶಾಲೆಗೆ ಹೋಗುವಾಗ ನಾನು ಯಾವಾಗ್ಲೂ ನಿನ್ನ ಎಡಗಡೆ," ಎಂದಳು. "ನೀನು ಹೆಜ್ಜೆ ಇಟ್ಟಾಗೆಲ್ಲ ನಿನ್ನ ಎಡಗೈ ನನ್ನನ್ನ ಒಂದಿಷ್ಟು ಮೇಲೆ ಎತ್ತಿ ಬಿಡ್ತಿತ್ತು. ಉಯ್ಯಾಲೆ ಥರ. ಕುಂಟೋದು ಅಂದ್ರೆ ನನಗೆ ಅದೇ ಕಡೆ ಅಕ್ಕ. ಕಣ್ಣಲ್ಲಿ ನೋಡಿ ಹೇಳಿದ್ದಲ್ಲ."

ಅಕ್ಕ ಬಿದ್ದರೆ ಬೀಳುವುದು ಬಲಕ್ಕೆ. ಮಗು ತನ್ನ ಕೆಳಗೆ ಸಿಕ್ಕಬಾರದೆಂದು ಎಡಗೈಯಲ್ಲಿ ಹಿಡಿದು ನಡೆಸಿದವಳು ಅವಳೇ. ಅದನ್ನು ಅವಳು ಹೇಳಲಿಲ್ಲ. ಅರ್ಧ ಉರಿ ಆರಿತು. ಇನ್ನರ್ಧ, ಹುಟ್ಟುಗುಣವೋ ಏನೋ, ಹಾಗೆಯೇ ಉಳಿಯಿತು.

ನಟಿ ಒಂದು ದಿನವಷ್ಟೇ ಬರಬಲ್ಲಳು. ಎಡಗಾಲಿನ ಅಷ್ಟೂ ನಡಿಗೆಯನ್ನು ಅವಳಿಂದಲೇ ಮತ್ತೆ ತೆಗೆಯಲು ಹೊತ್ತು ಸಾಲದು. ತಂಗಿ ಹಿಂಜರಿಯುತ್ತಾ ಕೇಳಿದಳು: "ಬರೀ ಪಾದ ತೆಗೀತೀವಿ. ನೀನು ನಡೀತೀಯಾ?"

"ಮುಖ ಅವಳದು, ಕಾಲು ನಂದಾ?"

"ಬೇಡ ಅಂದ್ರೆ ಬೇಡ."

ಅಕ್ಕ ಯೋಚಿಸಿದಳು. "ನಡೀತೀನಿ. ಆದರೆ ಕುಂಟಿಯನ್ನ ಯಾರು ಮದುವೆ ಆಗ್ತಾರೆ ಅಂತ ಕೊನೇಲಿ ಅಳ್ತಾಳಲ್ಲ, ಆ ಮಾತು ತೆಗಿ. ಆ ಮಾತಿಗೆ ನನ್ನ ಕಾಲು ಕೊಡಲ್ಲ."

"ಅದು ತೆಗೆದ್ರೆ ಕೊಲೆಗೆ ಕಾರಣವೇ ಇಲ್ವಲ್ಲ!"

"ಕಾರಣ ಈಗ ತಾನೆ ಕೇಳಿದೆಯಲ್ಲೇ."

ತಂಗಿ ಚೀಲದಿಂದ ತನ್ನ ಕಾಗದ ತೆಗೆದಳು. ಅಕ್ಕ, ಹೊಲಿದ ಬಟ್ಟೆಯನ್ನು ಪೂರ್ತಿ ಬಿಚ್ಚದೆ ಅಳತೆ ಸರಿಪಡಿಸುವವಳ ಹಾಗೆ, ನಿಧಾನವಾಗಿ ಹೇಳಿದಳು: "ಸಿನಿಮಾದಲ್ಲಿ ಸಾಯೋ ಮೂವರು ಹುಡುಗೀರೂ ಒಬ್ಬಳದೇ ಗೆಳತೀರು ಅಂತ ಮಾಡು. ಆ ಒಬ್ಬಳನ್ನ ಈ ದರ್ಜಿ ಸಾಕಿದ್ದು. ಅವರನ್ನೆಲ್ಲ ಅಂಗಡಿಗೆ ಕರ್ಕೊಂಡು ಬಂದವಳು ಅವಳೇ. ಒಂದೇ ಮಾತು ಸೇರಿಸಿದ್ರೆ ಸಾಕು, ಮಿಕ್ಕಿದ್ದು ಮುಟ್ಟೋದು ಬೇಡ. ಕಾಲು ಕಾಲಿನ ಪಾಡಿಗೆ ಇರಲಿ."

ತಂಗಿ ಪೆನ್ನು ಹುಡುಕಿದಳು. ಸಿಗದೆ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದಲೇ ಬರೆದುಕೊಂಡಳು.

ಮರುದಿನ ಬೆಳಿಗ್ಗೆ ಏಣಿ ನೆಲಕ್ಕೆ ಉದ್ದಕ್ಕೆ ಮಲಗಿ ಅಕ್ಕನ ಪಾದಗಳನ್ನು ತೆಗೆದ. ಅವಳು ಅಂಗಡಿಯಲ್ಲಿ ದಿನವೂ ನಡೆಯುವ ಹಾಗೆಯೇ ನಡೆದಳು. ಎರಡನೆಯ ಸಲ ಬೇಕಾಗಲಿಲ್ಲ. "ಎರಡು ಮೂರು ಸಲ ನಡೆದ್ರೆ ಕಾಲು ನೋಯುತ್ತಾ?" ಎಂದು ತಂಗಿ ಮೊದಲೇ ಕೇಳಿದ್ದಳು. "ನೋಯುತ್ತೆ, ಸುಮ್ನಿರು," ಎಂದಿದ್ದಳು ಅಕ್ಕ. ಆ ಮಾತು ಬಾಯಿಗೆ ಎಷ್ಟು ರುಚಿಯಾಗಿತ್ತೆಂದರೆ ಅದನ್ನೇ ಇನ್ನೆರಡು ಸಲ ಹೇಳಿದಳು.

ಮಧ್ಯಾಹ್ನ ನಟಿಯ ಸರದಿ. ಮೇಜಿಗೆ ಒರಗಿ ನಿಂತು, ಕ್ಯಾಮೆರಾದ ಕಡೆ ನೋಡದೆ ಹೇಳಿದಳು: "ನನಗೆ ಗಂಡ ಬೇಕಿರಲಿಲ್ಲ. ನಾನು ಸಾಕಿದವಳೊಬ್ಬಳಿದ್ದಳು. ಅವಳು ಬೇರೆ ಯಾರನ್ನೋ, ಕಾಲು ನೋವಾಯ್ತಾ ಅಂತ ಕೇಳಿದಳು."

ಅಷ್ಟೇ. ಒಂದು ಹನಿ ಕಣ್ಣೀರಿಲ್ಲ. ಏಣಿ ಕಣ್ಣೊರೆಸಿಕೊಂಡ. ಕಟ್ ಎನ್ನಬೇಕಾದ ತಂಗಿ ಅನ್ನದೆ ಅಕ್ಕನ ಕಡೆ ತಿರುಗಿ ನಿಂತಿದ್ದಳು. ಅವಳ ಕೆನ್ನೆ ಒದ್ದೆಯಾಗಿತ್ತು. ಅಕ್ಕನ ಹೊಟ್ಟೆಯಲ್ಲಿ ಮಾತ್ರ ಮತ್ತೆ ಚುರುಕ್ಕೆಂದಿತು. ಇದೇ ಮಾತನ್ನು ತಾನು ಮೂಗು ಸುರಿಸಿಕೊಂಡು, ತಡವರಿಸಿ, ಅರ್ಧಕ್ಕೇ ಬಿಟ್ಟಿದ್ದಳು. ಈ ಹುಡುಗಿ ಕೂದಲು ಕೊಂಕದ ಹಾಗೆ ಹೇಳಿ ಮುಗಿಸಿದಳಲ್ಲ!

"ಸರಿ ಬಂತಾ ಅಕ್ಕ?" ಎಂದು ನಟಿ ಕೇಳಿದಳು.

"ಪರವಾಗಿಲ್ಲ," ಎಂದಳು ಅಕ್ಕ.