ನಡುಗುವ ಕೈಗೊಂದು ಲೆನ್ಸು

ನಮ್ಮತ್ತೆ ಪುಟ್ಟಲಿಂಗಮ್ಮ ಅರವತ್ತು ವರ್ಷಗಳಿಂದ ದಿನಾ ಬೆಳಿಗ್ಗೆ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು ಪೂಜೆ ಮಾಡಿಕೊಂಡು ಬಂದವರು. 2008ರ ಬೇಸಿಗೆಯಲ್ಲಿ ಆ ಕೈ ನಡುಗಲು ಶುರುವಾಯಿತು. ವಾರದಿಂದ ವಾರಕ್ಕೆ ಅದು ಹೆಚ್ಚುವುದನ್ನು ನಾನು ಬಾಗಿಲ ಬಳಿ ನಿಂತು ನೋಡುತ್ತಿದ್ದೆ. ಎಂದೂ ಫೋಟೊಗೆ ಒಪ್ಪದವರು ಒಂದು ದಿನ ತಾವಾಗಿಯೇ ಹೇಳಿದರು.

"ಕೈ ಸೋತೋಗೋಕೆ ಮುಂಚೆ ಒಂದು ಫೋಟೊ ತೆಗೆದುಬುಡು ಕಣಮ್ಮ. ಹೆಂಗೆ ಹಿಡೀತಿದ್ಲು ಅಂತ ಮೊಮ್ಮಕ್ಕಳು ನೋಡ್ಲಿ. ಆದ್ರೆ ಆ ಮಿಂಚು ಹೊಡೀಬೇಡ."

ಲಷ್ಕರ್ ಮೊಹಲ್ಲಾದ ನಮ್ಮ ಮನೆಯ ಪೂಜೆ ಕೋಣೆಗೆ ಕಿಟಕಿಯಿಲ್ಲ. ಇರುವುದು ಎರಡು ದೀಪ. ಫ್ಲ್ಯಾಶ್ ಇಲ್ಲದೆ ನಮ್ಮ ಪುಟ್ಟ ಕ್ಯಾಮೆರಾದಲ್ಲಿ ಬರೀ ಕತ್ತಲೆ ಬಂತು. ಲೆನ್ಸು ಬದಲಿಸಬಹುದಾದ ದೊಡ್ಡ ಕ್ಯಾಮೆರಾ, ಡಿಜಿಟಲ್ ಎಸ್‌ಎಲ್‌ಆರ್, ಕೊಳ್ಳೋಣವೆಂದುಕೊಂಡೆ. ಕೈಯಲ್ಲಿ ಮೂವತ್ತು ಸಾವಿರವಿತ್ತು, ಅನುಭವ ಏನೂ ಇರಲಿಲ್ಲ. ನಾನು ಕೆಲಸ ಮಾಡುವುದು ಕಾಲೇಜಿನ ಗ್ರಂಥಾಲಯದಲ್ಲಿ. ಕುಕ್ಕರಹಳ್ಳಿ ಕೆರೆಯ ಹಕ್ಕಿಗಳ ಹಿಂದೆ ಓಡಾಡುವ ಸಹೋದ್ಯೋಗಿ ಮಹೇಶ್, ಉದ್ದದ ಲೆನ್ಸಿಲ್ಲದಿದ್ದರೆ ಕೊಳ್ಳುವುದೇ ದಂಡ ಎಂದರು. ಒಂದು ಪತ್ರಿಕೆ ಹತ್ತು ಮೆಗಾಪಿಕ್ಸೆಲ್ ಸಾಕು ಎಂದಿತು, ಇನ್ನೊಂದು ಸಾಲದು ಎಂದಿತು. ಬೇಕಾದದ್ದು, ಬೇಡವಾದದ್ದು ಎಂದು ಹಾಳೆಯಲ್ಲಿ ಎರಡು ಪಟ್ಟಿ ಮಾಡಿದೆ. ಕೊನೆಗೆ ಎರಡರಲ್ಲೂ ಅವೇ ಪದಗಳಿದ್ದವು.

ದೇವರಾಜ ಅರಸು ರಸ್ತೆಯ ಅಂಗಡಿಯಲ್ಲಿ ಸಾಗರ್ ಎಂಬಾತ ಮೂರು ಕ್ಯಾಮೆರಾ ಮುಂದಿಟ್ಟು, ಏನು ತೆಗೆಯುತ್ತೀರಿ ಎಂದು ಕೇಳಿದ. ಪೂಜೆಯ ಮಾತನ್ನು ಅಂಗಡಿಯಲ್ಲಿ ಆಡುವುದು ನಮ್ಮ ಮನೆಯ ರೂಢಿಯಲ್ಲ. ಮನೆಯೊಳಗೆ, ಬೆಳಕು ಕಡಿಮೆ, ಕೂತವರ ಫೋಟೊ ಎಂದಷ್ಟೇ ಹೇಳಿದೆ. ನಡುಕದ ವಿಷಯ ನಾಲಿಗೆಯವರೆಗೆ ಬಂದು ನಿಂತಿತು.

"ಹಂಗಾದ್ರೆ ಇದೇ ತಗೊಳ್ಳಿ ಮೇಡಂ. ಈ ಲೆನ್ಸಲ್ಲಿ ಫೋಟೊ ಅಲ್ಲಾಡೋದೇ ಇಲ್ಲ."

ಅಲ್ಲಾಡೋದಿಲ್ಲ ಎಂಬ ಮಾತೊಂದೇ ನನಗೆ ಸಾಕಿತ್ತು, ಕೊಂಡುಬಿಟ್ಟೆ.

ಮರುದಿನ ಬೆಳಿಗ್ಗೆ ತೆಗೆದ ಹನ್ನೊಂದು ಫೋಟೊಗಳಲ್ಲಿ ಹಣೆಯ ವಿಭೂತಿ ಸ್ಪಷ್ಟವಾಗಿತ್ತು, ಗೋಡೆಯ ಬಿರುಕೂ ಸ್ಪಷ್ಟವಾಗಿತ್ತು. ಅಂಗೈ ಇದ್ದಲ್ಲಿ ಮಾತ್ರ ಹೊಗೆಯಂಥ ಮಸುಕು. ಯಾವ ಗುಂಡಿ ತಪ್ಪಾಗಿ ತಿರುಗಿಸಿದೆನೋ ತಿಳಿಯಲಿಲ್ಲ. ಅಷ್ಟರಲ್ಲಿ ಲಿಂಗ ಅಂಗೈಯಿಂದ ಬೆರಳ ತುದಿಯವರೆಗೆ ಜಾರಿತು. ಅತ್ತೆ ಬಲಗೈಯಿಂದ ತಡೆದು, ಏನೂ ಆಗದವರಂತೆ ಕಣ್ಣು ನೆಟ್ಟು ಕೂತರು. ಫೋಟೊ ಬಂತೇ ಎಂದು ಆಮೇಲೆ ಕೇಳಿದಾಗ, ಬ್ಯಾಟರಿ ಮುಗಿಯಿತು ಎಂದು ಸುಳ್ಳು ಹೇಳಿದೆ.

ಮಧ್ಯಾಹ್ನವೇ ಅಂಗಡಿಗೆ ಹೋದೆ. ಬೇರೆ ಗಿರಾಕಿಗಳು ಹೊರಟ ಮೇಲೆ ಸಾಗರನಿಗೆ ಫೋಟೊ ತೋರಿಸಿ ನಡುಕದ ವಿಷಯ ಹೇಳಿದೆ.

"ಅಮ್ಮೋರ ಕೈ ನಡುಗುತ್ತೆ ಅಂತ ಮೊದಲೇ ಹೇಳ್ಬಾರ್ದಾ ಮೇಡಂ? ಈ ಲೆನ್ಸು ನಿಮ್ಮ ಕೈ ನಡುಕ ತಡೆಯುತ್ತೆ, ಅವರದ್ದನ್ನ ಎಲ್ಲಿ ತಡೆಯುತ್ತೆ?"

ಅದನ್ನು ವಾಪಸು ಪಡೆದು, ಹೆಬ್ಬೆರಳುದ್ದದ ಇನ್ನೊಂದು ಲೆನ್ಸು ಕೊಟ್ಟ. ಜೂಮ್ ಇಲ್ಲ, ಆದರೆ ಹೆಚ್ಚು ಬೆಳಕು ಒಳಗೆ ಬಿಡುತ್ತದೆ, ಹಾಗಾಗಿ ಕೈ ಅಲುಗುವಷ್ಟರಲ್ಲಿ ಫೋಟೊ ಮುಗಿದಿರುತ್ತದೆ ಎಂದ. ಅದರ ಬೆಲೆ ಕಡಿಮೆಯೆಂಬುದೇ ನನಗೆ ಅನುಮಾನ ತಂದಿತು. ಹೊರಡುವಾಗ ಇನ್ನೊಂದು ಮಾತು ಸೇರಿಸಿದ: ಇದರಲ್ಲಿ ಮುಖ, ಕೈ ಎರಡೂ ಒಟ್ಟಿಗೆ ಸ್ಪಷ್ಟವಾಗಿ ಬರುವುದಿಲ್ಲ, ಒಂದನ್ನು ಆರಿಸಿಕೊಳ್ಳಬೇಕು.

ಬೆಳಿಗ್ಗೆಯವರೆಗೂ ಆರಿಸಲಾಗಲಿಲ್ಲ. ಪೂಜೆ ಅರ್ಧ ಕಳೆದರೂ ಕ್ಯಾಮೆರಾ ಮುಖದಿಂದ ಕೈಗೆ, ಕೈಯಿಂದ ಮುಖಕ್ಕೆ ಅಲೆಯುತ್ತಿತ್ತು. ಕೊನೆಗೆ ಅಂಗೈಗೆ ಹಿಡಿದು ಒತ್ತಿದೆ. ಸದ್ದಾದರೂ ಅವರು ಕಣ್ಣೆತ್ತಲಿಲ್ಲ. ಪರದೆಯಲ್ಲಿ ಲಿಂಗ, ಅಂಗೈ ಗೆರೆಗಳು, ಐದೂ ಬೆರಳು ನಿಶ್ಚಲವಾಗಿ ನಿಂತಿದ್ದವು. ಮುಖ ಮಂಜಾಗಿತ್ತು. ಪೂಜೆ ಮುಗಿದ ಮೇಲೆ ಅತ್ತೆಗೆ ತೋರಿಸಿದೆ.

"ಮುಖ ಬರಲಿಲ್ಲ ಅತ್ತೆ."

"ಮುಖ ಯಾರಿಗೆ ಬೇಕು ಬುಡು." ಪರದೆಯಲ್ಲಿದ್ದ ಅಂಗೈಯನ್ನೇ ನೋಡಿದರು. ಲಿಂಗವನ್ನು ಕರಡಿಗೆಯಲ್ಲಿಟ್ಟು ಕೊರಳಿಗೆ ಹಾಕಿಕೊಂಡ ಮೇಲೆ ಹೇಳಿದರು: "ನಾಳೆಯಿಂದ ನೀನೂ ಪಕ್ಕದಲ್ಲಿ ಕೂತ್ಕೊ. ನನ್ನ ಕೈ ಕೆಳಗೆ ನಿನ್ನ ಕೈ ಇಡು."

ಒಂಟಿ ಕೈಯಲ್ಲಿ ಹಿಡಿದದ್ದು ಚಿತ್ರಕ್ಕೆ ಬರಲಿ ಎಂದೇ ಅವರು ಇಷ್ಟು ದಿನ ಯಾರ ಆಸರೆಯನ್ನೂ ಕೇಳದೆ ತಡೆದುಕೊಂಡಿದ್ದರು. ನಾನು ಯಾವ ಕೈ ಇಡಬೇಕು, ಎಡಗೈಯೋ ಬಲಗೈಯೋ ಎಂದು ಕೇಳಬೇಕೆನಿಸಿತು. ಕೇಳದೆ, ಆಗಲಿ ಅತ್ತೆ ಎಂದೆ.